ಸತ್ತ ದುಡ್ಡಿನ ಡಾಕ್ಟರು

ಬೆಳಿಗ್ಗೆ ಏಳಕ್ಕೆ ಮುಂಚೆ ಫೋನ್ ಬಂದರೆ, ಅದನ್ನು ಎತ್ತುವಷ್ಟರಲ್ಲಿ ನಾನು ಮನಸ್ಸಿನಲ್ಲೇ ಮೂರು ಜನರ ತಿಥಿ ಮುಗಿಸಿರುತ್ತೇನೆ. ಸಾಮಾನ್ಯವಾಗಿ ಅದು ರಾಂಗ್ ನಂಬರ್ ಆಗಿರುತ್ತದೆ. ಹೋದ ತಿಂಗಳು ಆಗಿರಲಿಲ್ಲ. ಷಾರ್ಲೆಟ್‌ನಿಂದ ಡಾಕ್ಟರ್ ಅಂಕಲ್ ಅವರ ಮಗಳು ಮಾತಾಡುತ್ತಿದ್ದಳು. "ಡ್ಯಾಡಿ ಹೋಗ್ಬಿಟ್ರು, ಅಂಕಲ್. ಸ್ಲೀಪ್‌ನಲ್ಲೇ. ಅಮ್ಮ ನಿಮಗೇ ಫಸ್ಟ್ ಕಾಲ್ ಮಾಡು ಅಂದ್ರು. ಬೇರೆ ಯಾರೋ ಹೇಳಿದ್ರೆ ನೀವು ತುಂಬ ವರಿ ಮಾಡ್ತೀರಂತೆ. ಆರ್ ಯು ಓಕೆ?"

ಸಾವಾದ ಮನೆಯವರೇ ಫೋನ್ ಮಾಡಿ ಸಮಾಧಾನ ಹೇಳಬೇಕಾದಂಥ ಖ್ಯಾತಿ ನನ್ನದು. ಅದನ್ನು ನಾನು ಕಷ್ಟಪಟ್ಟು ಗಳಿಸಿದ್ದೇನೆ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಬರೆದರೆ ಆಂಟಿ ಫೋನ್ ಮಾಡಿ, "ಇನಿಷಿಯಲ್ ತಪ್ಪಾಗಿದೆ" ಎನ್ನುತ್ತಾರೆ. ವರ್ಜೀನಿಯಾದ ನಮ್ಮ ಕಡೆಯ ಕನ್ನಡದವರಿಗೆಲ್ಲ ಅವರು ಡಾಕ್ಟರ್ ಅಂಕಲ್, ಅಷ್ಟೆ. ಅರವತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಬಂದವರು. ಪೆಥಾಲಜಿಸ್ಟ್. ರೋಗಿಗಳನ್ನು ನೋಡುವ ಡಾಕ್ಟರಲ್ಲ, ರೋಗಿಗಳ ತುಣುಕುಗಳನ್ನು ಗಾಜಿನ ಮೇಲಿಟ್ಟು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರು. "ನನ್ನ ಹತ್ರ ಬಂದೋರು ಯಾರೂ ಇವತ್ತಿನವರೆಗೂ ಕಂಪ್ಲೇಂಟ್ ಮಾಡಿಲ್ಲ ಕಣಯ್ಯ" ಎನ್ನುತ್ತಿದ್ದರು. ನಾನು ತೊಂಬತ್ತರ ದಶಕದ ನಡುವೆ, ನಲವತ್ತೆರಡನೆಯ ವಯಸ್ಸಿಗೆ, ಹಳೆಯ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ಎರಡು ಅಂಕಿಯ ಇಸವಿಯನ್ನು ನಾಲ್ಕು ಅಂಕಿ ಮಾಡುವ ಕೆಲಸಕ್ಕೆ ಸ್ಟರ್ಲಿಂಗ್‌ಗೆ ಬಂದಿಳಿದವನು. ತಲೆ ಅರ್ಧ ನರೆತ ನಾನು ಅವರನ್ನು ಅಂಕಲ್ ಎಂದಾಗ ಮೊದಲ ಸಲ ಅವರು ಹಿಂದೆ ತಿರುಗಿ ನೋಡಿದರು, ಯಾವುದಾದರೂ ಮಗು ಕರೆಯಿತೇ ಎಂದು.

ಅವರ ಅಂಗಿಯ ಜೇಬಿನಲ್ಲಿ ಎರಡು ವಸ್ತು ಖಾಯಂ: ಒಂದು ಭೂತಗನ್ನಡಿ, ಒಂದು ಚಿಮುಟ. ಮದುವೆ ಮನೆಗೆ ಹೋದರೂ ಇರುತ್ತಿದ್ದವು. ಊಟಕ್ಕೆ ಕೂತಾಗ ಉಪ್ಪಿಟ್ಟಿನ ಒಣಮೆಣಸಿನಕಾಯಿಯನ್ನು ಆ ಚಿಮುಟದಿಂದಲೇ ಎತ್ತಿ ತಟ್ಟೆಯ ಅಂಚಿಗೆ ಸಾಲಾಗಿ ಮಲಗಿಸುತ್ತಿದ್ದರು. "ರೀ, ಅದು ನಿಮ್ಮ ಲ್ಯಾಬಿಂದು ತಾನೆ?" ಎಂದು ಆಂಟಿ ಪ್ರತಿ ಸಲ ಕೇಳುತ್ತಿದ್ದರು. "ಅಲ್ಲ, ಇದು ದುಡ್ಡಿನ ಚಿಮುಟ" ಎಂದು ಅವರು ಪ್ರತಿ ಸಲ ಹೇಳುತ್ತಿದ್ದರು.

ದುಡ್ಡು ಎಂದರೆ ಅವರಿಗೆ ಡಾಲರೂ ಅಲ್ಲ, ರೂಪಾಯಿಯೂ ಅಲ್ಲ. ಮೊದಲ ಮಹಾಯುದ್ಧ ಸೋತ ಜರ್ಮನಿಯಲ್ಲಿ ಸಾವಿರದ ಒಂಬೈನೂರ ಇಪ್ಪತ್ತಮೂರರಲ್ಲಿ ಬೆಲೆಗಳು ಹುಚ್ಚೆದ್ದು ಕುಣಿದವಲ್ಲ, ಆಗ ಸರ್ಕಾರದ ಅಚ್ಚಿನ ಯಂತ್ರಗಳಿಗೆ ನೋಟು ಒದಗಿಸಿ ಪೂರೈಸಲಿಲ್ಲ. ಊರೂರಿನ ಪುರಸಭೆಗಳೇ ತಮ್ಮ ತಮ್ಮ ನೋಟು ಅಚ್ಚು ಹಾಕಿ ಹಂಚಿದವು. ನೋಟ್‌ಗೆಲ್ಡ್, ಅಂದರೆ ಆಪತ್ಕಾಲದ ದುಡ್ಡು. ಒಂದೇ ಮಗ್ಗುಲು ಅಚ್ಚು; ಹಿಂಬದಿಗೆ ಶಾಯಿ ಹಾಕುವಷ್ಟು ಪುರುಸೊತ್ತಿಲ್ಲ. ಕೆಲವು ಊರಿನವರು ಬಟ್ಟೆಯ ಮೇಲೆ, ಚರ್ಮದ ಮೇಲೆ ಕೂಡ ಅಚ್ಚು ಹಾಕಿದರು. ಬೆಳಿಗ್ಗೆ ಸಾವಿರ ಎಂದಿದ್ದ ನೋಟಿನ ಮೇಲೆ ಸಂಜೆ ಕೆಂಪು ಮುದ್ರೆ ಒತ್ತಿ ಹತ್ತು ಲಕ್ಷ ಎನ್ನುತ್ತಿದ್ದರು. ಕೂಲಿ ಕೈಗೆ ಬಿದ್ದೊಡನೆ ಗೇಟಿನಲ್ಲಿ ಕಾದಿದ್ದ ಹೆಂಡತಿಗೆ ಕೊಡಬೇಕು, ಅವಳು ಅಂಗಡಿಗೆ ಓಡಬೇಕು. ತಡವಾದರೆ ರೊಟ್ಟಿಗೆ ಬದಲು ರೊಟ್ಟಿಯ ವಾಸನೆ.

"ನಮ್ಮೂರ ಪುರಸಭೆ ನೋಟು ಅಚ್ಚು ಹಾಕಿದ್ರೆ ಹೇಗಿರತ್ತೆ ಯೋಚನೆ ಮಾಡಿ. ನಲ್ಲೀಲಿ ನೀರು ಬಿಡಕ್ಕೇ ಬರಲ್ಲ ಅವರಿಗೆ" ಎನ್ನುತ್ತಿದ್ದರು ಆಂಟಿ.

ಅಂಕಲ್ ಹೊಸದಾಗಿ ಬಂದ ಕಾಲದಲ್ಲಿ ಅವರ ಲ್ಯಾಬಿನಲ್ಲಿ ಒಬ್ಬ ಜರ್ಮನ್ ಮುದುಕಿ ಸ್ಲೈಡುಗಳಿಗೆ ಬಣ್ಣ ಹಾಕುವ ಕೆಲಸ ಮಾಡುತ್ತಿದ್ದಳಂತೆ. ನಿವೃತ್ತಿಯ ದಿನ ಅವಳು ಇವರ ಕೈಗೆ ಐದು ಕೋಟಿ ಮಾರ್ಕಿನ ನೋಟೊಂದನ್ನಿಟ್ಟು, "ಇದು ನನ್ನ ತಂದೆಯ ಒಂದು ವಾರದ ಸಂಬಳ, ಕಾಫಿ ಕುಡಿ ಎಂದು ಕೊಡುತ್ತಿದ್ದೆ, ಆದರೆ ಸಾಲುವುದಿಲ್ಲ" ಎಂದಳಂತೆ. ಅಲ್ಲಿಗೆ ಹಿಡಿಯಿತು ಹುಚ್ಚು. ಹಗಲು ಸತ್ತ ಜೀವಕೋಶ, ಸಂಜೆ ಸತ್ತ ದುಡ್ಡು. ಪ್ರತಿ ನೋಟಿನ ಕೆಳಗೂ ಪುಟ್ಟ ಕಾರ್ಡಿನಲ್ಲಿ ಹುಟ್ಟಿದ ದಿನ, ಸತ್ತ ದಿನ, ಮರಣದ ಕಾರಣ. ಕಾರಣ ಎಲ್ಲದಕ್ಕೂ ಒಂದೇ: "ನೆರೆಯವನು ತೆಗೆದುಕೊಳ್ಳಲಿಲ್ಲ."

ನನ್ನ ಚಿಂತೆಯ ಕಾಯಿಲೆಗೂ ಅವರು ಅದೇ ನೋಟನ್ನು ಔಷಧಿಯಾಗಿ ಕೊಟ್ಟಿದ್ದರು. ನನ್ನ ಕಾಂಟ್ರ್ಯಾಕ್ಟ್ ಮುಗಿಯುತ್ತ ಬಂದಿತ್ತು. ಮುಂದುವರಿಸದಿದ್ದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಸಾಮಾನು ಏನು ಮಾಡುವುದು, ಅದರಲ್ಲೂ ಹೊಸದಾಗಿ ಕೊಂಡ ಸೋಫಾ ಏನು ಮಾಡುವುದು ಎಂದು ಅವರ ಮುಂದೆ ಒಂದು ಗಂಟೆ ಹೇಳಿಕೊಂಡೆ. ಅವರು ಎದ್ದು ಹೋಗಿ ಐದು ಕೋಟಿ ತಂದರು.

"ಹಿಡ್ಕೋ. ಐದು ಕೋಟಿ. ಈಗ ಹೇಗನ್ಸತ್ತೆ?"

"ಭಯ ಆಗತ್ತೆ ಅಂಕಲ್. ಹರಿದೋದ್ರೆ?"

"ಸರಿ ಬಿಡು," ಎಂದು ಚಿಮುಟದಿಂದ ವಾಪಸು ತೆಗೆದುಕೊಂಡರು. "ನಿಂದು ಕೆಲಸದ ಪ್ರಾಬ್ಲಂ ಅಲ್ಲ. ಕಸ್ತೂರಿ ಮೃಗದ ಹಾಗೆ, ಒಳಗಿಂದಾನೇ ಬರತ್ತೆ ನಿನಗೆ."

ಈ ನೋಟುಗಳೆಲ್ಲ ಮನೆಯ ಮೇಲ್ಮಹಡಿಯ ಒಂದು ರೂಮಿನಲ್ಲಿ ಇದ್ದವು. ಗೋಡೆಯ ಮೇಲೆ ಚೌಕಟ್ಟುಗಳು, ಕಪಾಟಿನಲ್ಲಿ ಆಲ್ಬಮ್ಮುಗಳು, ನೆಲದ ಮೇಲೆ ಡಬ್ಬಗಳು. ಆಂಟಿಯ ವೀಣೆ ಬೇಸ್‌ಮೆಂಟಿನಲ್ಲಿ, ವಾಷಿಂಗ್ ಮಷೀನಿನ ಪಕ್ಕ ಇತ್ತು. ಚಳಿಗಾಲದಲ್ಲಿ ಹೀಟರಿನ ಒಣ ಬಿಸಿಗೆ ಅದರ ಮೇಣ ಬಿರುಕು ಬಿಡುತ್ತಿತ್ತು. ಪಾಠಕ್ಕೆ ಬರುವ ಮೂರು ಹುಡುಗಿಯರು ಬಟ್ಟೆ ಒಗೆಯುವ ಸದ್ದಿನಲ್ಲೇ ಸರಳೆ ವರಸೆ ನುಡಿಸುತ್ತಿದ್ದರು. ಮಷೀನು ಹಿಂಡಲು ಶುರು ಮಾಡಿದರೆ ಪಾಪದವು ತಾವೂ ಮೂರನೇ ಕಾಲಕ್ಕೆ ಹೋಗಿಬಿಡುತ್ತಿದ್ದವು.

ಒಂದು ಭಾನುವಾರ ಊಟದ ಮೇಜಿನಲ್ಲಿ, ನಾನೂ ನನ್ನ ಹೆಂಡತಿಯೂ ಇದ್ದಾಗಲೇ, ಆಂಟಿ ಸೌಟು ಕೆಳಗಿಟ್ಟರು.

"ಇಪ್ಪತ್ತು ವರ್ಷ ಆಯ್ತು ರೀ. ಇನ್ನು ಆ ರೂಮು ನಂಗೆ ಬೇಕು."

"ಈ ಸಲದ ನೋಟಿನ ಎಗ್ಸಿಬಿಷನ್ ಒಂದು ಮುಗೀಲಿ, ಇವಳೇ."

"ಪ್ರತಿ ವರ್ಷ ಅಟ್ಲಾಂಟಾಗೆ ಹೋಗ್ತೀರಿ, ಬಿಳೀ ರಿಬ್ಬನ್ ತರ್ತೀರಿ. ನೀಲಿ ಅಂದ್ರೆ ಫಸ್ಟು, ಕೆಂಪು ಅಂದ್ರೆ ಸೆಕೆಂಡು, ಬಿಳಿ ಅಂದ್ರೆ ಮನೆಗೆ ಹೋಗು ಅಂತ."

"ಯಾಕೆ ಹೇಳು? ನನ್ನ ಏಣಿಗೆ ಕೊನೇ ಮೆಟ್ಟಿಲು ಇಲ್ಲ."

ಏಣಿ ಎಂದರೆ ಅವರು ಪ್ರದರ್ಶನಕ್ಕೆ ಇಡುತ್ತಿದ್ದ ಒಂದೇ ಊರಿನ ನೋಟುಗಳು. ಹೆಸರು ನನ್ನ ನಾಲಿಗೆಗೆ ಎಂದೂ ಹೊರಳದ ಒಂದು ಸಣ್ಣ ಊರು, ಮೂರೇ ತಿಂಗಳಲ್ಲಿ ಐದು ಲಕ್ಷದ ನೋಟಿನಿಂದ ಐವತ್ತು ಲಕ್ಷಕ್ಕೆ, ಐದು ಕೋಟಿಗೆ, ನೂರು ಕೋಟಿಗೆ, ಹತ್ತು ಸಾವಿರ ಕೋಟಿಗೆ ಹತ್ತಿತ್ತು. ಆರನೆಯದು, ಲಕ್ಷ ಕೋಟಿ ಮಾರ್ಕಿನದು, ಇವರಿಗೆ ಎಲ್ಲೂ ಸಿಕ್ಕಿರಲಿಲ್ಲ.

"ಈ ಸಲ ಜರ್ಮನಿಯ ಒಬ್ಬ ವ್ಯಾಪಾರಿ ಹತ್ರ ಸಿಕ್ಕಿದೆ. ಕಳಿಸ್ತಿದಾನೆ."

"ಹಾಗಾದ್ರೆ ಮಾತು ಕೊಡಿ. ಈ ಸಲ ನೀಲಿ ರಿಬ್ಬನ್ ಬಂದ್ರೆ ರೂಮು ನಿಮ್ಮದು, ನಾನು ಇನ್ನು ತುಟಿ ಬಿಚ್ಚಲ್ಲ. ಬರದಿದ್ರೆ ನಿಮ್ಮ ಸತ್ತ ದುಡ್ಡೆಲ್ಲ ಗರಾಜಿಗೆ." ಆಂಟಿ ನನ್ನ ಕಡೆ ತಿರುಗಿದರು. "ನೀನು ಸಾಕ್ಷಿ ಕಣಪ್ಪ."

ಸಾಕ್ಷಿ ಹೇಳಿದವರಿಗೆ ಯಾವತ್ತೂ ಒಳ್ಳೆಯದಾದದ್ದನ್ನು ನಾನು ಕೇಳಿಲ್ಲ.

ಆಗಸ್ಟ್‌ನಲ್ಲಿ ಅಂಕಲ್ ಮತ್ತು ಆಂಟಿ ಮೊಮ್ಮಗುವನ್ನು ನೋಡಲು ಷಾರ್ಲೆಟ್‌ಗೆ ಹೋದರು. ಏಣಿಯ ಐದು ನೋಟು ಅವರ ಜೊತೆಗೇ ಹೋಯಿತು. ಮಂಗಳವಾರ ಅಂಕಲ್ ಫೋನು.

"ಪಾರ್ಸೆಲ್ ಬರತ್ತೆ ಕಣಯ್ಯ. ತಗೊಂಡು ನಿನ್ನ ಮನೇಲಿ ಜೋಪಾನವಾಗಿಟ್ಟಿರು. ಮುಂದಿನ ವಾರ ಷಾರ್ಲೆಟ್‌ಗೆ ತಗೊಂಡು ಬಾ, ಇಬ್ರೂ ಅಟ್ಲಾಂಟಾಗೆ ಹೋಗೋಣ. ಬೇರೆ ಯಾರಿಗಾದ್ರೂ ಹೇಳ್ತಿದ್ದೆ, ಆದರೆ ನಿನ್ನಷ್ಟು ಹೆದರೋ ಮನುಷ್ಯ ಈ ಕೌಂಟಿಯಲ್ಲೇ ಇಲ್ಲ. ನಿನ್ನ ಹತ್ರ ಇದ್ರೆ ಸೇಫು."

ಬುಧವಾರ ಪಾರ್ಸೆಲ್ ಬಂತು. ಬಿಚ್ಚಿ ನೋಡಿದೆ, ದಾರಿಯಲ್ಲಿ ಮಡಚಿಹೋಗಿದ್ದರೆ ಎಂದು. ಮಡಚಿಹೋಗಿರಲಿಲ್ಲ. ಪ್ಲಾಸ್ಟಿಕ್ ಕವರಿನೊಳಗೆ ಲಕ್ಷ ಕೋಟಿ ಮಾರ್ಕು, ಹನ್ನೆರಡು ಸೊನ್ನೆ, ಗರಿಗರಿ. ನಡುವೆ ಒಬ್ಬ ಹೆಂಗಸಿನ ಚಿತ್ರ. ಕೈಯಲ್ಲಿ ಹಣ್ಣು ತುಂಬಿದ ಕೊಂಬು ಹಿಡಿದಿದ್ದಾಳೆ, ಅದರಿಂದ ದ್ರಾಕ್ಷಿ ಸುರಿಯುತ್ತಿದೆ. ಎಲ್ಲಿಡುವುದು? ಮೇಜಿನ ಡ್ರಾಯರಿನಲ್ಲಿ ಇಟ್ಟರೆ ಮಗಳು ಚಿತ್ರ ಬಿಡಿಸುತ್ತಾಳೆ. ಪುಸ್ತಕದ ಕಪಾಟಿನ ಗೋಡೆಯಾಚೆ ಬಚ್ಚಲು, ಹಬೆ ಬರುತ್ತದೆ. ಹಾಸಿಗೆಯ ಕೆಳಗೆ ಇಟ್ಟರೆ ಕಳ್ಳರು ಮೊದಲು ನೋಡುವುದೇ ಅಲ್ಲಿ. ಎರಡು ಗಂಟೆ ಮನೆಯೆಲ್ಲ ಓಡಾಡಿ, ಮಗುವಿನ ಕೈಗೆ ಎಟುಕದ, ನೀರು ತಾಗದ, ಯಾರೂ ಕಾಲಿಡದ ಒಂದೇ ಜಾಗ ಕಂಡುಹಿಡಿದೆ. ಟವಲು ಇಡುವ ಗೋಡೆಕಪಾಟಿನ ಮೇಲಿನ ಹಲಗೆ. ಅದು ನಮ್ಮ ದೇವರ ಮನೆ. ದೇವರ ಮುಂದೆ ಇಟ್ಟು ಕೈಮುಗಿದೆ. ಗುಟ್ಟು ಹೊರಗೆ ಹೋಗಬಾರದೆಂದು ಹೆಂಡತಿಗೂ ಹೇಳಲಿಲ್ಲ.

ಶುಕ್ರವಾರ ಸಂಜೆ ಆಫೀಸಿನಿಂದ ಬಂದೆ. ಬಾಗಿಲ ಹತ್ತಿರ ಚಪ್ಪಲಿಗಳಿಲ್ಲದಿದ್ದರೂ ಮನೆಯೊಳಗೆ ಜನ ಬಂದುಹೋದ ಮಲ್ಲಿಗೆಯ ವಾಸನೆ. ಮೂಲೆಯಲ್ಲಿ ಸೀರೆ ಉಟ್ಟ ಕಳಶ. ವರಮಹಾಲಕ್ಷ್ಮಿ ಹಬ್ಬ. ಕಳಶದ ಮುಂದೆ ಬೆಳ್ಳಿ ತಟ್ಟೆ. ತಟ್ಟೆಯಲ್ಲಿ ಲಕ್ಷ ಕೋಟಿ ಮಾರ್ಕು. ಅದರ ಮೇಲೆ ಕುಂಕುಮ.

ಹೆಂಡತಿ ಒಬ್ಬಟ್ಟು ತಂದು ಮುಂದಿಟ್ಟಳು. ಇಷ್ಟು ವರ್ಷದಲ್ಲಿ ಅವಳ ಮುಖದಲ್ಲಿ ನನ್ನ ಬಗ್ಗೆ ಅಂಥ ಪ್ರೀತಿ ನಾನು ಕಂಡಿರಲಿಲ್ಲ.

"ಬೆಳಿಗ್ಗೆ ದೀಪ ಹಚ್ಚೋಕೆ ಹೋದ್ರೆ ದೇವರ ಮುಂದೆ ನೋಟು. ಹಬ್ಬ ಅಂತ ಈ ಸಲ ನೀವಾಗೇ ನೆನಪಿಟ್ಕೊಂಡು ಇಟ್ಟಿದೀರಲ್ಲ, ನನಗೆಷ್ಟು ಸಂತೋಷ ಆಯ್ತು ಗೊತ್ತಾ?"

"ಕವರು... ಕವರಲ್ಲಿತ್ತಲ್ಲೇ ಅದು!"

"ಪ್ಲಾಸ್ಟಿಕ್ ಮೇಲೆ ಕುಂಕುಮ ನಿಲ್ಲತ್ತಾ?"

"ಕುಂಕುಮ ಯಾಕೆ ಇಟ್ಟೆ?"

"ದೇವರ ಮುಂದೆ ದುಡ್ಡು ಇಟ್ರೆ ಕುಂಕುಮ ಇಡದೆ ಇನ್ನೇನು ಉಪ್ಪಿನಕಾಯಿ ಇಡ್ತಾರಾ? ಅದೂ ಲಕ್ಷ್ಮೀ ಚಿತ್ರ ಇರೋ ನೋಟು. ಯಾವ ದೇಶದ್ದು ಅದು? ಎಷ್ಟು ಚೆನ್ನಾಗಿ ಬರೆದಿದಾರೆ, ಕೈಯಿಂದ ಸಮೃದ್ಧಿ ಸುರೀತಿದೆ. ಬಂದವರೆಲ್ಲ ಇಂಥ ನೋಟೇ ನೋಡಿಲ್ಲ ಅಂತ ಒಂದೊಂದು ಬೊಟ್ಟು ಇಟ್ಟು ನಮಸ್ಕಾರ ಮಾಡಿದ್ರು."

"ಎಷ್ಟು ಜನ ಬಂದಿದ್ರು?"

"ಎಂಟು. ನಾನು ಸೇರಿ ಒಂಬತ್ತು."

ಬಗ್ಗಿ ನೋಡಿದೆ. ಎಂಟು ಕುಂಕುಮದ ಬೊಟ್ಟು. ಒಂಬತ್ತನೆಯವರು ಯಾರೋ ಅವಸರದಲ್ಲಿ ತಮ್ಮ ಹಣೆಯ ಸ್ಟಿಕರ್ ಬಿಂದಿಯನ್ನೇ ಕಿತ್ತು ಆ ಜರ್ಮನ್ ಹೆಂಗಸಿನ ಹಣೆಗೆ ಸರಿಯಾಗಿ ಅಂಟಿಸಿದ್ದರು.

ವಿಷಯ ಹೇಳಿದೆ. ಹೆಂಡತಿ ಸೋಫಾದ ಮೇಲೆ ಕೂತಳು. "ರೂಮು ಹೋಯ್ತು" ಎಂದಳು. ಆಮೇಲೆ, "ಅಂಕಲ್‌ಗೆ ಈಗ್ಲೇ ಫೋನ್ ಮಾಡಿ ಹೇಳ್ಬಿಡಿ. ತಪ್ಪು ನಂದು ಅನ್ನಿ."

"ನಿಂದಲ್ಲ, ನಂದು."

"ಅದು ನಂಗೊತ್ತು. ಆದರೂ ನಂದು ಅನ್ನಿ. ನಿಮ್ಮದು ಅಂದ್ರೆ ನೀವು ಫೋನೇ ಮಾಡಲ್ಲ."

ನಾನು ಫೋನ್ ಮಾಡಲಿಲ್ಲ.

ಮುಂದಿನ ಗುರುವಾರ ಏಳು ಗಂಟೆ ಡ್ರೈವ್ ಮಾಡಿ ಷಾರ್ಲೆಟ್ ಮುಟ್ಟಿದೆ. ದಾರಿಯುದ್ದಕ್ಕೂ ನೋಟು ಪಕ್ಕದ ಸೀಟಿನಲ್ಲಿ, ಕಂದು ಲಕೋಟೆಯಲ್ಲಿ, ಸೀಟ್ ಬೆಲ್ಟ್ ಹಾಕಿಸಿಕೊಂಡು ಕೂತಿತ್ತು. ಅಂಕಲ್ ಬಾಗಿಲಲ್ಲೇ ಕೈ ಚಾಚಿದರು.

"ತೋರಿಸು, ತೋರಿಸು!"

"ಇಲ್ಲಿ ಬೇಡ ಅಂಕಲ್. ಏಸಿ ಇದೆ. ಒಣ ಗಾಳಿಗೆ ಕಾಗದ ಮುದುರ್ಕೊಳತ್ತೆ ಅಂತ ಓದಿದೀನಿ. ಅಲ್ಲೇ ಬಿಚ್ಚೋಣ."

ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಭಯವಾಯಿತು. ಅಂಕಲ್ ಒಂದು ಕ್ಷಣ ನನ್ನನ್ನು ನೋಡಿ, ಕಣ್ಣು ತುಂಬಿಕೊಂಡು ಆಂಟಿಯನ್ನು ಕರೆದರು. "ಕೇಳಿದ್ಯೇನೆ? ಕಾಗದದ ಬಗ್ಗೆ ಓದಿದಾನಂತೆ! ಇಷ್ಟು ವರ್ಷಕ್ಕೆ ನನ್ನ ನೋಟಿನ ಬಗ್ಗೆ ಒಬ್ಬ ಓದಿದ."

ಶುಕ್ರವಾರ ಅಟ್ಲಾಂಟಾಗೆ ಹೊರಟೆವು. ದಕ್ಷಿಣ ಕೆರೊಲಿನಾದಲ್ಲಿ ರಸ್ತೆಯ ಬದಿಗೆ ಪೀಚ್ ಹಣ್ಣಿನ ಆಕಾರದ ದೊಡ್ಡ ನೀರಿನ ಟ್ಯಾಂಕಿದೆ. ಅದು ಬಂದ ತಕ್ಷಣ ಹೇಳಿಬಿಡುವುದು ಎಂದುಕೊಂಡೆ. ಟ್ಯಾಂಕು ಬಂತು. "ಅಂಕಲ್..." ಎಂದೆ. "ಏನು, ಬಾತ್‌ರೂಮಾ?" ಎಂದರು. ಹೌದೆಂದೆ. ಜಾರ್ಜಿಯಾ ಗಡಿಯಲ್ಲಿ ಹೇಳುವುದು ಎಂದುಕೊಂಡೆ. ಗಡಿಯಲ್ಲಿ ಅವರು ಗೆದ್ದರೆ ರೂಮಿನ ಗೋಡೆಗೆ ಯಾವ ಬಣ್ಣ ಹೊಡೆಸಬೇಕು ಎಂದು ನನ್ನ ಅಭಿಪ್ರಾಯ ಕೇಳಿದರು. ಮತ್ತೆ ಬಾತ್‌ರೂಮಿಗೆ ನಿಲ್ಲಿಸಿದೆ. "ನಿನ್ನ ಶುಗರ್ ಚೆಕ್ ಮಾಡಿಸ್ಬೇಕು ಕಣಯ್ಯ" ಎಂದರು ಅಂಕಲ್, ನಿಜವಾದ ಕಾಳಜಿಯಿಂದ.

ಶನಿವಾರ ಬೆಳಿಗ್ಗೆ ಮೋಟೆಲಿನ ತಿಂಡಿಯ ಕೋಣೆಯಲ್ಲಿ ಕೊನೆಗೂ ಲಕೋಟೆಯನ್ನು ಮೇಜಿನ ಮೇಲಿಟ್ಟೆ. "ಅಂಕಲ್, ಒಂದು ಮಾತು" ಎಂದು ಶುರುಮಾಡಿ, ಹಲಗೆ, ಕಳಶ, ಒಬ್ಬಟ್ಟು, ಒಂಬತ್ತು ಜನ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ಚಿಮುಟದಿಂದ ನೋಟು ಹೊರತೆಗೆದರು. ಭೂತಗನ್ನಡಿ ಹಿಡಿದು ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ, ಲ್ಯಾಬಿನಲ್ಲಿ ನೋಡುವ ಕ್ರಮದಲ್ಲೇ ನೋಡಿದರು. ನನಗೆ ಆ ಐದು ನಿಮಿಷದಲ್ಲಿ ಐದು ವರ್ಷ ವಯಸ್ಸಾಯಿತು.

"ಸ್ಟಿಕರ್ ಯಾರು ಹಾಕಿದ್ದು?"

"ಗೊತ್ತಿಲ್ಲ ಅಂಕಲ್."

"ಕರೆಕ್ಟಾಗಿ ಹುಬ್ಬುಗಳ ಮಧ್ಯ ಹಾಕಿದಾಳೆ. ಒಳ್ಳೇ ಕೈ." ಭೂತಗನ್ನಡಿ ಕೆಳಗಿಟ್ಟು, "ಆ ಟೀಗೆ ಇಟ್ಟಿರೋ ನಿಂಬೆಹಣ್ಣಿನ ಹೋಳು ಒಂದು ತಗೊಂಡು ಬಾ."

ತಂದೆ. ಪೇಪರ್ ನ್ಯಾಪ್ಕಿನ್ನಿನ ತುದಿಯನ್ನು ನಿಂಬೆರಸದಲ್ಲಿ ಅದ್ದಿ, ಮೂಲೆಯ ಒಂದು ಬೊಟ್ಟಿಗೆ ಮುಟ್ಟಿಸಿದರು. ಕೆಂಪು ಹೋಯಿತು! ನಾನು ಕುರ್ಚಿಯಿಂದ ಅರ್ಧ ಎದ್ದೆ. ಕೆಂಪು ಹೋದ ಜಾಗದಲ್ಲಿ ಹೊಳೆಯುವ ಹಳದಿ ಬಂತು.

"ನೋಡಿದ್ಯಾ!" ಅಂಕಲ್ ಮುಖ ಅರಳಿತು. "ಅರಿಶಿನಕ್ಕೆ ಸುಣ್ಣ ಹಾಕಿದ್ರೆ ಕುಂಕುಮ, ಕುಂಕುಮಕ್ಕೆ ಹುಳಿ ಹಾಕಿದ್ರೆ ಮತ್ತೆ ಅರಿಶಿನ. ಕಲಬೆರಕೆ ಇಲ್ಲ. ಊರಿಂದ ತಂದ ಕುಂಕುಮ ತಾನೆ ಇದು?"

"ಅಂಕಲ್, ನಿಮಗೆ ಕೋಪ ಬಂದಿಲ್ವಾ?"

"ಬಂದಿದೆ ಕಣಯ್ಯ. ಆದರೆ ನಲವತ್ತು ವರ್ಷ ಸ್ಟೇನ್ ಹಾಕಿದವನು ನಾನು. ಇಷ್ಟು ಚೆನ್ನಾಗಿ ಹಿಡಿದಿರೋ ಸ್ಟೇನ್ ನೋಡಿ ಮೊದಲು ಸಂತೋಷ ಪಡ್ತೀನಿ. ಕೋಪ ಆಮೇಲೆ ಮಾಡ್ಕೋತೀನಿ."

ಆ ಕೋಪಕ್ಕೆ ಅವರಿಗೆ ಆಮೇಲೆ ಪುರುಸೊತ್ತೇ ಆಗಲಿಲ್ಲ. ಹತ್ತು ಗಂಟೆಗೆ ಪ್ರದರ್ಶನದ ಹಾಲಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಏಣಿ ನಿಂತಿತು. ಐದು ನೋಟು ಮದುವೆಗೆ ಬಂದ ಬೀಗರ ಹಾಗೆ ಶುಭ್ರ. ತುದಿಯಲ್ಲಿ ಆರನೆಯದು, ಈಗಷ್ಟೆ ಹಸೆಮಣೆಯಿಂದ ಎದ್ದು ಬಂದ ಹಾಗೆ.

ತೀರ್ಪುಗಾರ್ತಿ ಬಿಳಿ ಕೈಗವಸು ತೊಟ್ಟ, ಮಾತಿಗೊಮ್ಮೆ "ಹನಿ" ಎನ್ನುವ ದಕ್ಷಿಣದ ಅಜ್ಜಿ. ಪೆಟ್ಟಿಗೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಅಂಕಲ್ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: ಆ ಐದು ನೋಟಿನಷ್ಟು ಒಳ್ಳೆಯ ಸ್ಥಿತಿಯವು ಈ ಹಾಲಿನಲ್ಲೇ ಇಲ್ಲ. ಕಲೆಯಾದದ್ದು ಪೆಟ್ಟಿಗೆಯಲ್ಲಿದ್ದರೆ ನಿಯಮದ ಪ್ರಕಾರ ನಾನು ಅಂಕ ಕಳೆಯಲೇಬೇಕು, ಬಹಳ ಕಳೆಯಬೇಕು. ಅದೊಂದನ್ನು ತೆಗೆದುಬಿಡಿ, ಹನಿ. ಐದೇ ಇರಲಿ. ಈ ವರ್ಷ ನಿಮ್ಮ ಎದುರಿಗೆ ನಿಲ್ಲುವವರು ಯಾರೂ ಇಲ್ಲ. ಹತ್ತು ನಿಮಿಷ ಬಿಟ್ಟು ಬರುತ್ತೇನೆ.

ಇದಕ್ಕಿಂತ ಬಿಡಿಸಿ ಯಾರು ಹೇಳಲು ಸಾಧ್ಯ? ನನ್ನ ಎದೆಯ ಮೇಲಿಂದ ಒಂದು ರೂಮೇ ಇಳಿದಂತಾಯಿತು.

"ತೆಗೀರಿ ಅಂಕಲ್, ಬೇಗ ತೆಗೀರಿ. ನಾನು ಗಾಜು ಎತ್ತಿ ಹಿಡ್ಕೋತೀನಿ."

ಅವರು ಅಲುಗಾಡಲಿಲ್ಲ.

"ಅಂಕಲ್, ರೂಮು!"

"ಗೊತ್ತು."

"ನೀಲಿ ರಿಬ್ಬನ್ ಅಂಕಲ್! ಆ ಅಮ್ಮ ಬಾಯಿ ಬಿಟ್ಟು ಹೇಳಿದ್ರು!"

"ಅಲ್ಲಯ್ಯ, ಒಂದು ನಿಮಿಷ ಕೇಳು." ಜೇಬಿನಲ್ಲಿದ್ದ ಚಿಮುಟವನ್ನು ಹೊರತೆಗೆದು, ಮತ್ತೆ ಒಳಗೆ ಹಾಕಿದರು. "ಇದನ್ನ ಅಚ್ಚು ಹಾಕಿದ ದಿನ ಕೈಗೆ ತಗೊಂಡ ಹೆಂಗಸು ಅಂಗಡಿಗೆ ಓಡಿರ್ತಾಳೆ, ಮೊದಲು ಇದನ್ನ ದಾಟಿಸೋಣ ಅಂತ. ಅಂಗಡಿಯವನು ಬೇಡದ ಮನಸ್ಸಿಂದ ತಗೊಂಡು ಇನ್ನೊಬ್ಬನಿಗೆ ದಾಟಿಸಿರ್ತಾನೆ. ಆಮೇಲೆ ಹೊಸ ದುಡ್ಡು ಬಂತು. ಈ ಲಕ್ಷ ಕೋಟಿಗೆ ಒಂದೇ ಒಂದು ಮಾರ್ಕು ಕೊಟ್ಟು ಕೈ ತೊಳ್ಕೊಂಡ್ರು. ಹುಟ್ಟಿದಾಗಿನಿಂದ ಯಾರಿಗೂ ಬೇಡವಾದ ನೋಟು. ನಿನ್ನ ಹೆಂಡ್ತಿ ಒಬ್ಬಳೇ ಇದನ್ನ ಕೂರಿಸಿ, ಬೊಟ್ಟಿಟ್ಟು, ಆರತಿ ಎತ್ತಿದ್ದು. ಈಗ ನಾನು ಚಿಮುಟದಲ್ಲಿ ಹಿಡಿದು ಹೊರಗೆ ಹಾಕಲಾ?"

"ಅವಳಿಗೆ ಅದು ಏನು ಅಂತಾನೇ ಗೊತ್ತಿರಲಿಲ್ಲ, ಅಂಕಲ್."

"ದುಡ್ಡು ಬದುಕೋದೇ ಹಾಗೆ ಕಣಯ್ಯ. ಗೊತ್ತಾದ ತಕ್ಷಣ ಸಾಯತ್ತೆ."

ಅವರು ಆರನೆಯ ನೋಟಿನ ಕೆಳಗಿದ್ದ ಕಾರ್ಡನ್ನು ತೆಗೆದು, ಹಿಂಬದಿಯಲ್ಲಿ ಹೊಸದಾಗಿ ಇಂಗ್ಲಿಷಿನಲ್ಲಿ ಬರೆದರು: "ಕಲೆಗಳು: ಅರಿಶಿನ, ಸುಣ್ಣ, ಭಕ್ತಿ. ಮೊದಲೆರಡನ್ನು ಪರೀಕ್ಷಿಸಿ ಖಚಿತಪಡಿಸಲಾಗಿದೆ." ಹುಟ್ಟಿದ ದಿನ ಹಾಕಿದರು. ಸತ್ತ ದಿನದ ಜಾಗದಲ್ಲಿ ಒಂದು ಗೀಟು ಎಳೆದರು.

ದಿನವಿಡೀ ಆ ಪೆಟ್ಟಿಗೆಯ ಸುತ್ತ ಜನ. ಅಂಕಲ್ ನಿಂತಲ್ಲೇ ಇಪ್ಪತ್ತು ಸಲ ವರಮಹಾಲಕ್ಷ್ಮಿ ವ್ರತದ ಕಥೆ ಹೇಳಿದರು. ಹೇಳುತ್ತ ಹೇಳುತ್ತ ಒಬ್ಬಟ್ಟು ಮಾಡುವ ವಿಧಾನವೂ ಸೇರಿಕೊಂಡಿತು. ಸಂಜೆ ಫಲಿತಾಂಶ ಬಂತು. ಬಿಳಿ ರಿಬ್ಬನ್. ಅಜ್ಜಿ ಅದನ್ನು ಕೊಡುವಾಗ ತಲೆ ಅಲ್ಲಾಡಿಸಿ, "ನೀವು ಹಟಮಾರಿ, ಹನಿ" ಎಂದರು.

ವಾಪಸು ಬರುವಾಗ ಅಂಕಲ್ ಒಂದೇ ಷರತ್ತು ಹಾಕಿದರು. "ತೆಗೆದಿದ್ರೆ ಗೆಲ್ತಿದ್ದೆ ಅನ್ನೋದು ಇಬ್ಬರು ಹೆಂಗಸರಿಗೂ ಗೊತ್ತಾಗಬಾರದು. ನಿನ್ನ ಹೆಂಡ್ತಿ ಬೇಜಾರ್ ಮಾಡ್ಕೋತಾಳೆ. ನನ್ನ ಹೆಂಡ್ತಿ ನನಗೆ ತಲೆ ಕೆಟ್ಟಿದೆ ಅಂತಾಳೆ. ಅವಳಿಗೆ ಆ ವಿಷಯ ಮೊದಲೇ ಗೊತ್ತು, ಸುಮ್ನೆ ಇನ್ನೊಂದು ಪುರಾವೆ ಯಾಕೆ?"

ಮುಂದಿನ ಶನಿವಾರ ರೂಮು ಖಾಲಿ ಮಾಡುವ ಕಾರ್ಯಕ್ರಮ. ನಾನು ಡಬ್ಬ ಹೊರಲು, ಹೆಂಡತಿ ಪುಳಿಯೋಗರೆ ಡಬ್ಬಿಯೊಂದಿಗೆ ಕ್ಷಮೆ ಕೇಳಲು ಹೋದೆವು.

"ಅಂಕಲ್, ನನ್ನಿಂದ ಹೀಗಾಯ್ತು..."

"ನಿನ್ನಿಂದ ಏನಮ್ಮ ಆಯ್ತು? ಆ ಜಡ್ಜಿಗೆ ಬಣ್ಣ ಕಾಣಲ್ಲ. ನಿನ್ನ ಬೊಟ್ಟು ನೋಡೋಕೆ ಅರ್ಧ ಜಾರ್ಜಿಯಾ ಬಂದಿತ್ತು. ಬೇಕಾದ್ರೆ ಇವನನ್ನ ಕೇಳು."

ನಾನು ಪುಳಿಯೋಗರೆ ನೋಡುತ್ತ ತಲೆಯಾಡಿಸಿದೆ.

ಮಧ್ಯಾಹ್ನದವರೆಗೆ ಆಲ್ಬಮ್ಮುಗಳು, ಚೌಕಟ್ಟುಗಳು ಎಲ್ಲ ಗರಾಜಿಗೆ ಇಳಿದವು. ಅಂಕಲ್ ಪ್ರತಿ ಡಬ್ಬದ ಜೊತೆಗೂ ಹೆಗಲು ಕೊಡುವವರ ಹಾಗೆ ಬಾಗಿಲವರೆಗೆ ನಡೆದು ಬಂದರು. ಆಂಟಿಯ ವೀಣೆ ಮೇಲೆ ಬಂತು. ಖಾಲಿ ರೂಮಿನಲ್ಲಿ ಚಾಪೆಯ ಮೇಲೆ ಕೂತು ಅವರು ಒಂದೇ ತಂತಿ ಮೀಟಿದರು. ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಎಲ್ಲರೂ ಬಾಗಿಲಿಗೆ ಬಂದು ನಿಂತೆವು. ಅಂಕಲ್ ಕೂಡ. ಆಮೇಲೆ ಅವರು, "ಇಪ್ಪತ್ತು ವರ್ಷ ಮೊದಲೇ ಕೊಡಬೇಕಿತ್ತು ಕಣೇ" ಎಂದರು. ಆಂಟಿ ಇನ್ನೊಂದು ತಂತಿ ಮೀಟಿದರು.

ಉಳಿದಿದ್ದದ್ದು ಲಕ್ಷ ಕೋಟಿ ಒಂದೇ. ನಾನು ಅದರ ಚೌಕಟ್ಟು ಎತ್ತಿಕೊಂಡು ಬಾಗಿಲು ದಾಟುವಷ್ಟರಲ್ಲಿ ಆಂಟಿ ಕೂಗಿದರು.

"ಅದನ್ನ ಎಲ್ಲಿಗೆ ತಗೊಂಡು ಹೋಗ್ತಿದೀಯ?"

"ಗರಾಜಿಗೆ, ಆಂಟಿ."

"ಬುದ್ಧಿ ಇದೆಯಾ ನಿಂಗೆ? ಒಂಬತ್ತು ಮುತ್ತೈದೆಯರು ಕುಂಕುಮ ಇಟ್ಟು ಪೂಜೆ ಮಾಡಿದ್ದನ್ನ ಎಂಜಿನ್ ಆಯಿಲ್ ಪಕ್ಕ, ಚಪ್ಪಲಿ ಸ್ಟ್ಯಾಂಡ್ ಪಕ್ಕ ಇಡ್ತೀಯಾ? ವೀಣೆ ಇರೋ ರೂಮು ಇದು. ಇಲ್ಲೇ, ಪೂರ್ವದ ಗೋಡೆಗೆ ಹಾಕು."

ಅಂಕಲ್ ಕೆಮ್ಮಿದರು. "ಅದೊಂದನ್ನೇ ಹಾಕೋಕಾಗಲ್ಲ, ಇವಳೇ. ಏಣಿ ಅದು. ಕೆಳಗಿನ ಐದು ಮೆಟ್ಟಿಲು ಇಲ್ಲದೆ ಆರನೇದು ಗಾಳೀಲಿ ನಿಲ್ಲತ್ತಾ? ಸೆಟ್ ಒಡೆದ ಹಾಗಾಗತ್ತೆ."

ಆಂಟಿ ಗಂಡನನ್ನು ನೋಡಿದರು, ನೋಟನ್ನು ನೋಡಿದರು, ಬೊಟ್ಟಿಟ್ಟುಕೊಂಡ ಆ ಜರ್ಮನ್ ಹೆಂಗಸನ್ನು ನೋಡಿದರು.

"ಸರಿ. ಆರು. ಏಳನೇದು ಈ ಬಾಗಿಲು ದಾಟಿ ಒಳಗೆ ಬಂದ್ರೆ, ಅವತ್ತೇ ನೀವು ಹೊರಗೆ. ಪೂಜೆ ಆದದ್ದು ಅಂತ ಬಿಟ್ಟಿದೀನಿ, ಅಷ್ಟೆ."

ನಾನು ಕುರ್ಚಿ ಹತ್ತಿ ಮೊಳೆ ಹೊಡೆಯುತ್ತಿದ್ದೆ. ಬೆರಳಿಗೆ ಹೊಡೆದುಕೊಳ್ಳುತ್ತೇನೆ, ಗಾಯ ಕೀವಾಗುತ್ತದೆ ಎಂಬ ಚಿಂತೆ ಒಂದು ಕಡೆ. ಕೆಳಗೆ ಕುರ್ಚಿ ಹಿಡಿದು ನಿಂತಿದ್ದ ಅಂಕಲ್, ಆಂಟಿ ಅಡಿಗೆಮನೆಗೆ ಹೋದದ್ದನ್ನು ಖಚಿತ ಮಾಡಿಕೊಂಡು, ಕತ್ತೆತ್ತಿ ಪಿಸುಗುಟ್ಟಿದರು.

"ಏನಯ್ಯಾ, ಮುಂದಿನ ಶುಕ್ರವಾರ ನಿನ್ನ ಹೆಂಡ್ತಿ ಫ್ರೀನಾ? ಗರಾಜಲ್ಲಿ ಇನ್ನೂ ನಾನ್ನೂರು ನೋಟು ಇವೆ. ಕುಂಕುಮದ ಭರಣಿ ದೊಡ್ಡದು ತರೋಕೆ ಹೇಳು."